ಬಿಸಿಲ ಬೇಗೆ: ಮನೆಯ ಜತೆ ಊರಿಗೂ ಎಚ್ಚರ ಬೇಕು

ಬೇಸಿಗೆಯ ಒಂದು ಮಧ್ಯಾಹ್ನ, ಜಗಳೂರು ಸಮೀಪದ ಹಳ್ಳಿಯಿಂದ ಅಜ್ಜಿಯೊಬ್ಬರನ್ನು ಕಂಬಳಿ ಹೊದಿಸಿ ಕರೆತಂದರು. ತಗಡಿನ ಮನೆಯಲ್ಲಿ ಹಗಲೆಲ್ಲ ಒಬ್ಬರೇ ಇದ್ದವರು. ಮೈ ಕೆಂಡದಂತೆ ಸುಡುತ್ತಿತ್ತು, ಬೆವರಿರಲಿಲ್ಲ, ಮಾತು ತೊದಲುತ್ತಿತ್ತು. ‘ಜ್ವರದ ಮಾತ್ರೆ ಕೊಟ್ಟರೂ ಇಳೀಲಿಲ್ಲ ಸಾರ್’ ಎಂದ ಮಗ. ಅದು ಜ್ವರವಲ್ಲ, ಬಿಸಿಲಿನ ಹೊಡೆತ. ಕಂಬಳಿ ತೆಗೆಸಿ, ಮೈಗೆಲ್ಲ ತಣ್ಣೀರು ಹಾಕಿ ಗಾಳಿ ಬೀಸಿಸಿದೆವು. ಅಜ್ಜಿ ಉಳಿದುಕೊಂಡರು.

ಬೆವರು ಆರುವಾಗ ದೇಹ ತಂಪಾಗುತ್ತದೆ. ನೀರು, ಉಪ್ಪು ಕಡಿಮೆಯಾದರೆ ಸುಸ್ತು, ತಲೆನೋವು, ಸ್ನಾಯು ಸೆಳೆತ, ವಾಕರಿಕೆ ಕಾಣಿಸುತ್ತವೆ. ಆಗಲೇ ನೆರಳಿಗೆ ಬಂದು ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯಬೇಕು. ದೇಹದ ಉಷ್ಣತೆ 104 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿ, ಬಡಬಡಿಕೆ ಅಥವಾ ಪ್ರಜ್ಞೆ ತಪ್ಪುವುದು ಕಂಡರೆ ಜೀವಕ್ಕೆ ಅಪಾಯ, ಬೆವರುತ್ತಿದ್ದರೂ ನಿರ್ಲಕ್ಷಿಸಬೇಡಿ. 108ಕ್ಕೆ ಫೋನ್ ಮಾಡಿ. ವಾಹನ ಬರುವವರೆಗೆ ಕಾಯದೆ ಮೈ ತಣಿಸಿ. ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

‘ಹೆಚ್ಚು ನೀರು ಕುಡಿಯಿರಿ’ ಎನ್ನುವಾಗ ನಮ್ಮ ತಾಲ್ಲೂಕಿನಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು. ಇಲ್ಲಿಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಕೆಡುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಹೊಲಕ್ಕೆ ಹೋಗುವಾಗ ಶುದ್ಧ ನೀರಿನ ಘಟಕದ ನೀರನ್ನೇ ಒಯ್ಯಿರಿ. ಆದರೆ ಬಾಯಾರಿ ಬಳಲಿದಾಗ ಬೇರೆ ನೀರಿಲ್ಲವೆಂದು ಕುಡಿಯದೇ ಇರಬೇಡಿ. ಆ ಹೊತ್ತಿಗೆ ನೀರಿಲ್ಲದಿರುವುದೇ ದೊಡ್ಡ ಅಪಾಯ.

ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ನೀರು, ಉಪ್ಪು ಎಂಬುದನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

2010ರ ಮೇ ತಿಂಗಳ ಬಿಸಿಲಿಗೆ ಅಹಮದಾಬಾದ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 2013ರಲ್ಲಿ ಆ ನಗರ ಮುನ್ನೆಚ್ಚರಿಕೆ ಯೋಜನೆ ಮಾಡಿಕೊಂಡಿತು: ಜನರಿಗೆ ಮೊದಲೇ ಸೂಚನೆ, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ. ಕಲಬುರಗಿ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೇ ತೆರೆಯುವ ರೂಢಿಯಿದೆ. ನಾವೂ ಹೊಲದ ಕೆಲಸ, ಹೂಳೆತ್ತುವ ಕೆಲಸವನ್ನು 11ರೊಳಗೆ ಮುಗಿಸಿ, ಸಂಜೆ 4ರ ಮೇಲೆ ಮತ್ತೆ ಹಿಡಿಯಬಹುದು.

ನಮ್ಮ ಹಿರಿಯರು ದಾರಿಯಲ್ಲಿ ಅರವಟ್ಟಿಗೆ ಇಡುತ್ತಿದ್ದರು. ಬಸ್ ನಿಲ್ದಾಣದ ನೆರಳಲ್ಲಿ, ಸಂತೆಯಲ್ಲಿ ಅದನ್ನು ಮತ್ತೆ ಇಡೋಣ. ಇವತ್ತು ಮಧ್ಯಾಹ್ನ ಊಟ ಮುಗಿಸಿ ಮಲಗುವ ಮುನ್ನ, ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಗೆ ‘ನೀರು ಕುಡಿದ್ರಾ?’ ಎಂದು ಒಮ್ಮೆ ಕೇಳಿ ಬನ್ನಿ.