ಹೊಟ್ಟೆನೋವಿಗೆ ಮಾತ್ರೆ ಸಾಲಲಿಲ್ಲ

ಬಾಲಮಂದಿರವೊಂದರಿಂದ ಹದಿನೈದು ವರ್ಷದ ಹುಡುಗಿಯನ್ನು ಎರಡು ತಿಂಗಳಲ್ಲಿ ನಾಲ್ಕು ಬಾರಿ ನನ್ನ ಬಳಿಗೆ ಕರೆತಂದಿದ್ದರು. ಹೊಕ್ಕುಳ ಸುತ್ತ ನೋವು. ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲವೂ ಸರಿಯಾಗಿದ್ದವು. ಮೂರು ಸಲವೂ ಮಾತ್ರೆ ಬರೆದು ಕಳಿಸಿದೆ. ನಾಲ್ಕನೆಯ ಸಲ ‘ರಾತ್ರಿ ನಿದ್ದೆ ಬರುತ್ತದೆಯೇನಮ್ಮಾ?’ ಎಂದು ಕೇಳಿದಾಗ ವಿಷಯ ಹೊರಬಿತ್ತು. ಆರು ವರ್ಷದಿಂದ ಅವಳ ತಲೆ ಬಾಚುತ್ತಿದ್ದ ಆಯಾ ಕೆಲಸ ಬಿಟ್ಟು ಮಗಳ ಊರಿಗೆ ಹೋಗಿದ್ದರು. ಮಕ್ಕಳು ಅಳುತ್ತಾರೆಂದು ಯಾರೂ ಮೊದಲೇ ಹೇಳಿರಲಿಲ್ಲ. ನೋವು ಶುರುವಾದದ್ದು ಅದೇ ವಾರ.

‘ಎಲ್ಲರೂ ಹೋಗ್ತಾರಲ್ಲ ಸಾರ್, ನಂಗೇನೂ ಬೇಜಾರಿಲ್ಲ’ ಎಂದಳು. ಆ ಒಂದು ಪ್ರಶ್ನೆಯನ್ನು ಮೊದಲ ದಿನವೇ ಕೇಳದೆ ಇದ್ದದ್ದು ನನ್ನ ತಪ್ಪು.

ಇಂಥ ನೋವು ನಾಟಕವಲ್ಲ. ಆತಂಕವು ಕರುಳಿನ ಚಲನೆಯನ್ನು ಬದಲಿಸುತ್ತದೆ; ನೋವು ನಿಜವಾಗಿಯೇ ಬರುತ್ತದೆ.

ಮಗುವಿಗೆ ಅನ್ನ ಬಟ್ಟೆಯಷ್ಟೇ, ತನ್ನವರೆನ್ನುವ ಒಬ್ಬರ ಸ್ಥಿರವಾದ ಅಕ್ಕರೆಯೂ ಅಗತ್ಯವೆಂದು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ ಪ್ರತಿಪಾದಿಸಿದರು. ಮುಂದೆ ರುಮೇನಿಯಾದ ಬುಕಾರೆಸ್ಟ್ ನಗರದಲ್ಲಿ ಅನಾಥಾಲಯಗಳ 136 ಎಳೆಯ ಮಕ್ಕಳನ್ನು ಆರಿಸಿ, ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಒಪ್ಪಿಸಿ, ವರ್ಷಗಟ್ಟಲೆ ಗಮನಿಸಲಾಯಿತು. ಮನೆ ಸೇರಿದವರಲ್ಲಿ ಬಾಂಧವ್ಯ ಚೆನ್ನಾಗಿ ಬೆಳೆಯಿತು. ಹನ್ನೆರಡನೆಯ ವಯಸ್ಸಿನ ಹೊತ್ತಿಗೆ, ಮೊದಲು ಸೇರಿದ ಮನೆಯಲ್ಲೇ ಉಳಿದವರು ಮನೆ ಬದಲಾದವರಿಗಿಂತ ಚೆನ್ನಾಗಿದ್ದರು. ಪದೇ ಪದೇ ಕೈ ಬದಲಾಗುವುದೇ ದೊಡ್ಡ ಪೆಟ್ಟು.

ಹದಿವಯಸ್ಸಿನಲ್ಲಿ ಈ ಪೆಟ್ಟು ಬೇರೆ ಬೇರೆ ವೇಷದಲ್ಲಿ ಕಾಣುತ್ತದೆ. ಕೆಲವರು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಇನ್ನು ಕೆಲವರು ಮೊದಲ ಭೇಟಿಯಲ್ಲೇ ಅಪರಿಚಿತರ ಕೈ ಹಿಡಿದು ‘ಅಕ್ಕಾ, ಮತ್ತೆ ಯಾವಾಗ ಬರ್ತೀರಿ?’ ಎನ್ನುತ್ತಾರೆ, ಮೋಸ ಹೋಗುವ ಅಪಾಯ ಇವರಿಗೇ ಹೆಚ್ಚು. ಸಿಟ್ಟು, ಓದಿನಲ್ಲಿ ಹಿಂದೆ ಬೀಳುವುದು, ಹಾಸಿಗೆ ಒದ್ದೆಯಾಗುವುದು ಕೂಡ ಉಂಟು. ಇವನ್ನೆಲ್ಲ ‘ಕೊಬ್ಬು’, ‘ಉಪಕಾರ ಸ್ಮರಣೆಯಿಲ್ಲ’ ಎಂದು ಬೈದರೆ ಗಾಯ ಆಳವಾಗುತ್ತದೆ.

ಓದುಗರಲ್ಲಿ ಹಲವರು ಮಕ್ಕಳ ಹುಟ್ಟುಹಬ್ಬಕ್ಕೆ ಇಂಥ ಕಡೆ ಊಟ ಹಾಕಿಸುತ್ತೀರಿ. ಒಳ್ಳೆಯದೇ. ಆದರೆ ಫೋಟೋ ತೆಗೆಸಿಕೊಂಡು ‘ಮತ್ತೆ ಬರುತ್ತೇವೆ’ ಎಂದು ಹೋಗಿ ಬಾರದಿರುವುದಕ್ಕಿಂತ, ಬರುವುದಿಲ್ಲವೆಂದೇ ಹೇಳುವುದು ಮೇಲು. ಆಗುವುದಾದರೆ ಅಧಿಕಾರಿಗಳ ಒಪ್ಪಿಗೆ ಪಡೆದು ತಿಂಗಳಿಗೊಮ್ಮೆ, ಹೇಳಿದ ದಿನವೇ ಹೋಗಿ ಲೆಕ್ಕ ಹೇಳಿಕೊಡಿ, ಕೇರಂ ಆಡಿ. ಲಾಡು ಇಲ್ಲದಿದ್ದರೂ ನಡೆಯುತ್ತದೆ.

ಸಂಸ್ಥೆ ನಡೆಸುವವರಿಗೂ ಒಂದು ಮಾತು. ಸಿಬ್ಬಂದಿ ಬಿಡುವುದು ತಪ್ಪದು. ಆದರೆ ಮೊದಲೇ ತಿಳಿಸಿ, ಬೀಳ್ಕೊಡಲು ಬಿಡಿ, ಅಳಲು ಬಿಡಿ. ಹದಿನೆಂಟು ತುಂಬಿದವರ ಆತಂಕ ಇನ್ನೂ ದೊಡ್ಡದು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಇಪ್ಪತ್ತೊಂದರವರೆಗೆ ಅನುಪಾಲನೆಗೆ ಅವಕಾಶವಿದೆ ಎಂಬುದನ್ನು ಅವರಿಗೆ ಹದಿನಾರರಲ್ಲೇ ಹೇಳಬೇಕು.

ಕೈ ಕೊಯ್ದುಕೊಳ್ಳುವುದು, ವಾರಗಟ್ಟಲೆ ನಿದ್ದೆ ಊಟ ಬಿಡುವುದು, ಬದುಕು ಬೇಡವೆನ್ನುವುದು ಕಂಡರೆ ತಡಮಾಡದೆ ಮನೋವೈದ್ಯರಿಗೆ ತೋರಿಸಬೇಕು. 14416 ಸಂಖ್ಯೆಯ ಉಚಿತ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಆ ಹುಡುಗಿಗೆ ನಾನು ಹೊಸ ಔಷಧಿ ಕೊಡಲಿಲ್ಲ. ಆಪ್ತ ಸಲಹೆಗೆ ಕಳಿಸಿದೆ. ಅಧೀಕ್ಷಕರು ಆಯಾಗೆ ಫೋನ್ ಮಾಡಿಸಿದರು. ಈಗ ಪ್ರತಿ ಭಾನುವಾರ ಸಂಜೆ ಕರೆ ಬರುತ್ತದೆ. ಹೊಟ್ಟೆನೋವು ಆಗೊಮ್ಮೆ ಈಗೊಮ್ಮೆ ಬರುತ್ತದಂತೆ. ಪರೀಕ್ಷೆಯ ಹಿಂದಿನ ದಿನ.