ಟೆರೇಸಿನ ಮೇಲೊಂದು ಗಾಳಿಯಂತ್ರ

ಬೆಸೆಂಟ್ ನಗರದ ಕಡಲತೀರದಲ್ಲಿ ಸಂಜೆ ಕೂತವರಿಗೆ ಒಂದು ಆಸೆ ಬರುವುದು ಸಹಜ: ಇಷ್ಟೊಂದು ಗಾಳಿ ಸುಮ್ಮನೆ ಹೋಗ್ತಾ ಇದೆಯಲ್ಲ, ಹಾಸ್ಟೆಲಿನ ಟೆರೇಸಿನ ಮೇಲೆ ಸಣ್ಣ ಯಂತ್ರವೊಂದನ್ನು ನಿಲ್ಲಿಸಿದರೆ ಕರೆಂಟು ಬಿಲ್ಲು ಉಳಿಯೋದಿಲ್ಲವೆ? ಟೆರೇಸಿಗೆಂದು ಹೇಳುವ ಯಂತ್ರಗಳಲ್ಲಿ ಲಂಬಾಕ್ಷದ ಗಾಳಿಯಂತ್ರವೂ ಒಂದು. ದುಡ್ಡು ಕೂಡಿಸುವ ಮೊದಲು ಅದರ ಗುಣ-ದೋಷ ತಿಳಿದಿರಲಿ.

ಚಿತ್ರದುರ್ಗ, ಗದಗಗಳ ಗುಡ್ಡದ ಮೇಲೆ ನಾವು ಕಾಣುವ ಮೂರು ರೆಕ್ಕೆಯ ಯಂತ್ರದ ಅಚ್ಚು ಅಡ್ಡಲಾಗಿರುತ್ತದೆ. ಗಾಳಿ ದಿಕ್ಕು ಬದಲಿಸಿದರೆ ಅದೂ ಮುಖ ತಿರುಗಿಸಬೇಕು. ಲಂಬಾಕ್ಷದ್ದು ಹಾಗಲ್ಲ, ಮಜ್ಜಿಗೆ ಕಡೆಯುವ ಕಡಗೋಲಿನಂತೆ ನೆಟ್ಟಗೆ ನಿಂತು ತಿರುಗುತ್ತದೆ. ಗಾಳಿ ಯಾವ ಕಡೆಯಿಂದ ಬಂದರೂ ಸರಿ. ಇದರಲ್ಲಿ ಮುಖ್ಯವಾಗಿ ಎರಡು ಬಗೆ, ಎರಡೂ 1920ರ ದಶಕದವು. ಫಿನ್ಲೆಂಡಿನ ಸವೋನಿಯಸ್ ರೂಪಿಸಿದ್ದು ಡ್ರಮ್ಮನ್ನು ಉದ್ದಕ್ಕೆ ಸೀಳಿ, ಹೋಳುಗಳನ್ನು ಸ್ವಲ್ಪ ಸರಿಸಿ ಜೋಡಿಸಿದಂತಿದೆ. ಗಾಳಿ ದಬ್ಬಿದರೆ ತಿರುಗುತ್ತದೆ. ಫ್ರಾನ್ಸಿನ ಡಾರಿಯೂ ಮಾಡಿದ್ದಕ್ಕೆ ವಿಮಾನದ ರೆಕ್ಕೆಯಂಥ ಅಲಗುಗಳು; ವೇಗ ಜಾಸ್ತಿ, ಆದರೆ ತಾನಾಗಿ ಹೊರಡಲು ತಿಣುಕುತ್ತದೆ.

ಈಗ ಲೆಕ್ಕ. ಗಾಳಿಯ ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ಹೇಗೆ ಅಂತೀರೋ? ಅಷ್ಟೇ ಹೊತ್ತಿನಲ್ಲಿ ಎರಡರಷ್ಟು ಗಾಳಿ ಹಾಯುತ್ತದೆ, ಅದರ ಒಂದೊಂದು ಕಿಲೋವೂ ನಾಲ್ಕು ಪಟ್ಟು ಶಕ್ತಿ ಹೊತ್ತಿರುತ್ತದೆ. 1 ಮೀಟರ್ ಅಗಲ, 2 ಮೀಟರ್ ಎತ್ತರದ ಸವೋನಿಯಸ್ ಯಂತ್ರ ತೆಗೆದುಕೊಳ್ಳಿ. ಸೆಕೆಂಡಿಗೆ 3 ಮೀಟರ್ ಗಾಳಿಯಲ್ಲಿ ಅದರ ಮೇಲೆ ಹಾಯುವ ಶಕ್ತಿ ಸುಮಾರು 32 ವಾಟ್. ಅದರಲ್ಲಿ ಐದನೇ ಒಂದು ಪಾಲು ಸಿಕ್ಕರೆ ಅದೇ ದೊಡ್ಡದು; ಅಂದರೆ ಆರೂವರೆ ವಾಟ್, ಒಂದು ಸಣ್ಣ ಎಲ್‌ಇಡಿ ಬಲ್ಬು! ವೇಗ 6 ಮೀಟರ್ ಆದರೆ 52 ವಾಟ್. ಹಳೆಯ ಸೀಲಿಂಗ್ ಫ್ಯಾನಿಗೆ ಅದೂ ಸಾಲದು, 75 ಬೇಕು.

ಊರೊಳಗೆ ಅಕ್ಕಪಕ್ಕದ ಕಟ್ಟಡ, ಪ್ಯಾರಾಪೆಟ್ ಗೋಡೆ, ನೀರಿನ ಟ್ಯಾಂಕು ಗಾಳಿಯನ್ನು ತಡೆದು ಸುಳಿ ಮಾಡುತ್ತವೆ. ಸುಳಿಯ ದಿಕ್ಕನ್ನು ಲಂಬಾಕ್ಷ ಸಹಿಸೀತು, ಕಳೆದುಹೋದ ವೇಗವನ್ನು ಎಲ್ಲಿಂದ ತರಬೇಕು? ಇನ್ನು ಚಂಡಮಾರುತ. 2016ರ ಡಿಸೆಂಬರ್ 12ರಂದು ವರ್ದಾ ಚೆನ್ನೈಗೆ ಅಪ್ಪಳಿಸಿದಾಗ ಗಾಳಿ ಗಂಟೆಗೆ 100 ಕಿಲೋಮೀಟರ್ ದಾಟಿತ್ತು. ವೇಗ ಹತ್ತು ಪಟ್ಟಾದರೆ ಯಂತ್ರದ ಮೇಲಿನ ಒತ್ತಡ ನೂರು ಪಟ್ಟು. ಒಳ್ಳೆ ಬ್ರೇಕು, ಗಟ್ಟಿ ಬುನಾದಿ ಇಲ್ಲದಿದ್ದರೆ ಕೆಳಗಿನ ರಸ್ತೆಯಲ್ಲಿ ಹೋಗುವವರ ಗತಿ?

ಹಾಗಾದರೆ ಇದು ಕೆಲಸಕ್ಕೆ ಬಾರದ್ದೋ? ಅಲ್ಲ. 1970ರ ದಶಕದ ಕೊನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್.ಪಿ. ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಹಾಯಿಬಟ್ಟೆಯ ಸವೋನಿಯಸ್ ಯಂತ್ರವೊಂದನ್ನು ರೂಪಿಸಿದರು. ಅದು ಕರೆಂಟಿಗಲ್ಲ, ಕಡಿಮೆ ಖರ್ಚಿನಲ್ಲಿ ನೀರೆತ್ತಲಿಕ್ಕೆ. ಡೈನಮೋಗೆ ವೇಗ ಬೇಕು, ಪಂಪಿಗೆ ನಿಧಾನವಾದರೂ ಬಲ ಸಾಕು. ಯಂತ್ರದ ಸ್ವಭಾವ ನೋಡಿ ಕೆಲಸ ಕೊಟ್ಟದ್ದೇ ಅವರ ಜಾಣತನ.

ಆದ್ದರಿಂದ ಮಿತ್ರರೆ, ಮೊದಲು ಕೊಳ್ಳಬೇಕಾದ್ದು ಗಾಳಿಯಂತ್ರವಲ್ಲ, ಗಾಳಿಯ ವೇಗ ಅಳೆಯುವ ಅನಿಮೋಮೀಟರು. ಯಂತ್ರ ನಿಲ್ಲಿಸಬೇಕೆಂದಿರುವ ಎತ್ತರದಲ್ಲೇ ಅದನ್ನು ಕಟ್ಟಿ, ಒಂದು ವರ್ಷ ಲೆಕ್ಕ ಬರೆದಿಡಿ. ಗಾಳಿಶಕ್ತಿಯ ರಾಷ್ಟ್ರೀಯ ಸಂಸ್ಥೆ ಇಲ್ಲೇ ಪಳ್ಳಿಕರಣೆಯಲ್ಲಿದೆ. ಅವರ ಕೆಲಸದಲ್ಲೂ ಗಾಳಿ ಅಳೆಯುವುದಕ್ಕೆ ದೊಡ್ಡ ಸ್ಥಾನವಿದೆ. ಗಾಳಿ ಬಂದಾಗ ತೂರಿಕೋ ಅನ್ನುತ್ತದೆ ಗಾದೆ. ಆದರೆ ಕಣಕ್ಕೆ ಗಾಳಿ ಎಷ್ಟು ಬರುತ್ತದೆ ಅಂತ ನೋಡಿಯೇ ರೈತ ಮೊರ ಎತ್ತುವುದು.