ಶಿಶುಪಾಲನಾ ನೆರವು: ಅರ್ಹತೆಯ ವಿಸ್ತರಣೆ ಮತ್ತು ಸಣ್ಣ ಉದ್ದಿಮೆಗಳು

ದುಡಿಯುವ ತಾಯಂದಿರ ಮಕ್ಕಳ ಪಾಲನೆಯು ಕುಟುಂಬಕ್ಕೆ ಮಾತ್ರ ಸೇರಿದ ವಿಷಯವೆಂಬ ಭಾವನೆ ಉದ್ಯಮ ವಲಯದಲ್ಲಿ ಸಾಮಾನ್ಯ. ಆದರೆ ಮಗುವನ್ನು ನೋಡಿಕೊಳ್ಳುವವರಿಲ್ಲದೆ ನುರಿತ ಕೆಲಸಗಾರ್ತಿಯೊಬ್ಬಳು ಕೆಲಸ ಬಿಟ್ಟರೆ ಕುಟುಂಬಕ್ಕೆ ವೇತನ ತಪ್ಪುತ್ತದೆ. ಘಟಕಕ್ಕೆ ಹೊಸಬರನ್ನು ತರಬೇತುಗೊಳಿಸುವ ವೆಚ್ಚ ಬೀಳುತ್ತದೆ. ಆದ್ದರಿಂದ ಈ ನೆರವಿಗೆ ಯಾರು ಅರ್ಹರೆಂಬುದು ಉದ್ದಿಮೆದಾರರಿಗೂ ಸಂಬಂಧಿಸಿದ ಪ್ರಶ್ನೆ.

ಕಾನೂನಿನ ವ್ಯಾಪ್ತಿ

1948ರ ಕಾರ್ಖಾನೆಗಳ ಕಾಯ್ದೆಯು ಆರಂಭದಲ್ಲಿ 50ಕ್ಕಿಂತ ಹೆಚ್ಚು, 1976ರ ತಿದ್ದುಪಡಿಯ ತರುವಾಯ 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದ ಕಾರ್ಖಾನೆಗಳಿಗೆ ಶಿಶುಪಾಲನಾ ಕೊಠಡಿಯನ್ನು ಕಡ್ಡಾಯಗೊಳಿಸಿತ್ತು. ಮಹಿಳೆಯರನ್ನಷ್ಟೇ ಎಣಿಸುತ್ತಿದ್ದುದರಿಂದ, ಹೊಣೆ ತಪ್ಪಿಸಿಕೊಳ್ಳಲು ಅವರ ನೇಮಕವನ್ನೇ ಮಿತಗೊಳಿಸಲು ಎಡೆಯಿತ್ತು. 2017ರ ಹೆರಿಗೆ ಸೌಲಭ್ಯ (ತಿದ್ದುಪಡಿ) ಕಾಯ್ದೆಯು ಸ್ತ್ರೀ-ಪುರುಷರೆಂಬ ಭೇದವಿಲ್ಲದೆ 50 ನೌಕರರಿರುವ ಸಂಸ್ಥೆಗಳಿಗೆ ಇದನ್ನು ಅನ್ವಯಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ 50ರ ಮಿತಿಯೇ ಮುಂದುವರಿದಿದೆ. ವಿಶ್ರಾಂತಿಯ ಅವಧಿಯೂ ಸೇರಿದಂತೆ, ತಾಯಿಯು ದಿನಕ್ಕೆ ನಾಲ್ಕು ಬಾರಿ ಮಗುವನ್ನು ಕಾಣಲು ಅವಕಾಶ ನೀಡಬೇಕು.

ಸರ್ಕಾರದ ಯೋಜನೆಗಳು

2006ರ ರಾಜೀವ್ ಗಾಂಧಿ ರಾಷ್ಟ್ರೀಯ ಶಿಶುಪಾಲನಾ ಯೋಜನೆಯು ಅರ್ಹತೆಯ ಆದಾಯ ಮಿತಿಯನ್ನು ಮಾಸಿಕ 1,800 ರೂಪಾಯಿಗಳಿಂದ 12,000 ರೂಪಾಯಿಗಳಿಗೆ ಏರಿಸಿತು. ಆದರೆ ನಿಗದಿತ ಮೊತ್ತದ ಮಿತಿಯಲ್ಲಿ ಒಂದು ದೋಷವುಂಟು: ಬೆಲೆಯೇರಿಕೆಗೆ ತಕ್ಕಂತೆ ಕೂಲಿ ಹೆಚ್ಚಿದರೂ ಸಾಕು, ಬಡ ಕುಟುಂಬವು ಅರ್ಹತೆ ಕಳೆದುಕೊಳ್ಳುತ್ತದೆ. 2022ರಲ್ಲಿ ಮಿಷನ್ ಶಕ್ತಿಯ ಅಂಗವಾದ ‘ಪಾಲನಾ’ ಯೋಜನೆಯು ತಾಯಿಯ ಉದ್ಯೋಗ ಯಾವುದೆಂದು ನೋಡದೆ ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳನ್ನು ಒಳಗೊಂಡಿತು. ಅಂಗನವಾಡಿಗಳಲ್ಲಿಯೇ ಪಾಲನಾ ಕೇಂದ್ರ ನಡೆಸುವ ವ್ಯವಸ್ಥೆಯನ್ನೂ ತಂದಿತು. ಕರ್ನಾಟಕದ ‘ಕೂಸಿನ ಮನೆ’ಗಳು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಇಂಥದೇ ಸೇವೆಗೆಂದು ರೂಪುಗೊಂಡವು.

ಸಣ್ಣ ಘಟಕಗಳಿಗೆ ಇರುವ ದಾರಿ

ಇಷ್ಟಾದರೂ 20–30 ಜನರು ದುಡಿಯುವ ಘಟಕಗಳ ಕೆಲಸಗಾರ್ತಿಯರು ಕಾನೂನಿನ ಕಡ್ಡಾಯದ ಹೊರಗೇ ಉಳಿಯುತ್ತಾರೆ. ಹಲವು ಸಂಸ್ಥೆಗಳು ಕೂಡಿ ಸಾಮಾನ್ಯ ಕೇಂದ್ರ ನಡೆಸಲು, ಇಲ್ಲವೆ ಸರ್ಕಾರ, ಪುರಸಭೆ ಅಥವಾ ಸ್ವಯಂಸೇವಾ ಸಂಸ್ಥೆಗಳ ಕೇಂದ್ರವನ್ನು ಬಳಸಿಕೊಳ್ಳಲು ಸಂಹಿತೆ ಅವಕಾಶ ನೀಡಿದೆ. ಕಡ್ಡಾಯವಿಲ್ಲದ ಸಣ್ಣ ಘಟಕಗಳಿಗೂ ಇದೇ ಮಾದರಿ ಅನುಕೂಲ. ಒಂದೇ ಕೈಗಾರಿಕಾ ವಸಾಹತಿನ ಐದಾರು ಘಟಕಗಳು ಬಾಡಿಗೆ ಹಾಗೂ ಆಯಾಗಳ ವೇತನವನ್ನು ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಕೇಂದ್ರದ ವೇಳೆಯು ಪಾಳಿಯ ವೇಳೆಗೆ ಹೊಂದಬೇಕು. ಮಧ್ಯಾಹ್ನವೇ ಬಾಗಿಲು ಮುಚ್ಚುವ ಕೇಂದ್ರದಿಂದ ಸಂಜೆಯವರೆಗೆ ದುಡಿಯುವ ತಾಯಿಗೆ ಪ್ರಯೋಜನವಿಲ್ಲ. ವಸಾಹತುಗಳ ಉದ್ದಿಮೆದಾರರ ಸಂಘಗಳು ತಮ್ಮ ಘಟಕಗಳಲ್ಲಿರುವ ಆರು ವರ್ಷದೊಳಗಿನ ಮಕ್ಕಳ ತಾಯಂದಿರ ಪಟ್ಟಿ ಮಾಡುವುದರಿಂದ ಈ ಕಾರ್ಯವನ್ನು ಆರಂಭಿಸಬಹುದು.